ಗೆದ್ದ ಮೇಲೆ?

ಬದನವಾಳಿನ ನಮ್ಮ ಶಾಲೆಯಲ್ಲಿ ವಾರ್ಷಿಕೋತ್ಸವ ಬಂತೆಂದರೆ ಯಾರಾದರೊಬ್ಬಳು ಕಿತ್ತೂರು ಚೆನ್ನಮ್ಮ ಆಗಲೇಬೇಕಿತ್ತು. ಒಂದು ವರ್ಷ ಆ ಸರದಿ ನನ್ನದಾಯಿತು. ಅಣ್ಣ ರಟ್ಟಿನ ಕತ್ತಿಗೆ ಬೆಳ್ಳಿ ಕಾಗದ ಅಂಟಿಸಿಕೊಟ್ಟ. ಖಾದಿ ಕೇಂದ್ರದಲ್ಲಿ ನೂಲುತ್ತಿದ್ದ ಪಕ್ಕದ ಮನೆಯ ದೊಡ್ಡಮ್ಮ ಅಮ್ಮನ ರೇಷ್ಮೆ ಸೀರೆಯನ್ನು ಕಚ್ಚೆ ಹಾಕಿ ಉಡಿಸಿದರು. ಥ್ಯಾಕರೆಯಾಗಿದ್ದ ಹುಡುಗ ನೆಲಕ್ಕೆ ಬೀಳುತ್ತಲೇ ಪರದೆ ಇಳಿಯಿತು. ಆ ರಾತ್ರಿ ದೊಡ್ಡಮ್ಮ, 'ಆಮೇಲೆ ರಾಣಿ ಏನಾದಳು ಮಗ?' ಎಂದು ಕೇಳಿದರು. 'ಗೆದ್ದಳು' ಎಂದೆ. 'ಗೆದ್ದ ಮೇಲೆ?' ಎಂದರು. ನನಗೆ ಗೊತ್ತಿರಲಿಲ್ಲ. ನಮ್ಮ ನಾಟಕ ಅಲ್ಲಿಗೇ ಮುಗಿದಿತ್ತು.

ಎಷ್ಟೋ ವರ್ಷಗಳ ನಂತರ ಯಜಮಾನರಿಗೆ ಧಾರವಾಡಕ್ಕೆ ವರ್ಗವಾಯಿತು. ಅಲ್ಲಿಂದ ಬೆಳಗಾವಿಯ ದಾರಿಯಲ್ಲಿ ಸುಮಾರು 30 ಕಿಲೋಮೀಟರು ಹೋದರೆ ಕಿತ್ತೂರು. 1997ರಿಂದ ಸರ್ಕಾರ ಅಲ್ಲಿ ಪ್ರತಿ ವರ್ಷ ಅಕ್ಟೋಬರ್ 23ರಿಂದ ಮೂರು ದಿನ ಉತ್ಸವ ನಡೆಸುತ್ತಿದೆ. 2024ರಲ್ಲಿ ಕದನಕ್ಕೆ 200 ವರ್ಷ ತುಂಬಿದಾಗ ನಾವು ನಾಲ್ಕೈದು ಜನ ಹೆಂಗಸರು ಕೂಡಿಕೊಂಡು ಹೊರಟೆವು. ಡೊಳ್ಳಿನ ಸದ್ದಿಗೆ ಎದೆ ನಡುಗುತ್ತಿತ್ತು. ತಲೆಗೆ ಪೇಟ ಸುತ್ತಿದ ಪುಟ್ಟ ಚೆನ್ನಮ್ಮಂದಿರು ಅಪ್ಪಂದಿರ ಹೆಗಲ ಮೇಲೆ ಕುಳಿತು ಐಸ್‌ಕ್ರೀಮ್ ತಿನ್ನುತ್ತಿದ್ದರು. ನನ್ನ ರಟ್ಟಿನ ಕತ್ತಿ ನೆನಪಾಯಿತು.

ಆ ಸಂಭ್ರಮಕ್ಕೆ ಕಾರಣವೂ ಇದೆಯೆನ್ನಿ. ದೊರೆ ಮಲ್ಲಸರ್ಜ 1816ರಲ್ಲೇ ತೀರಿಕೊಂಡಿದ್ದ. ಹಿರಿಯ ರಾಣಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. ಅವನೂ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಕಣ್ಣುಮುಚ್ಚಿದ. ಸಾಯುವ ಮುನ್ನ ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಆ ದತ್ತು ಸಲ್ಲದೆಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಹಟ ಹಿಡಿದು ಖಜಾನೆಗೆ ಮೊಹರು ಹಾಕಿಸಿದ. ನಾವು ಹೆಂಗಸರು ಇದನ್ನು ಬೇರೆ ಕಣ್ಣಿನಿಂದ ನೋಡಬಹುದು. ಸತ್ತವನು ಸವತಿಯ ಮಗ. ಮನೆಯಲ್ಲಿ ಉಳಿದವಳು ಅವನ ವಿಧವೆ ವೀರಮ್ಮ. ಸೂತಕದ ಮನೆಯ ಬೀಗದ ಕೈ ಕೇಳಲು ಹೊರಗಿನವನು ಬಂದು ನಿಂತಾಗ, ನಲವತ್ತಾರರ ಆಸುಪಾಸಿನ ಚೆನ್ನಮ್ಮ ಬಾಗಿಲಿಗೆ ಅಡ್ಡ ನಿಂತಳು. ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಅವನಿಗೆ ಗುಂಡಿಟ್ಟವನು ಅಮಟೂರು ಬಾಳಪ್ಪ. ಸೆರೆ ಸಿಕ್ಕ ಸ್ಟೀವನ್‌ಸನ್, ಎಲಿಯಟ್ ಎಂಬ ಅಧಿಕಾರಿಗಳನ್ನು ರಾಣಿ ಮರ್ಯಾದೆಯಿಂದಲೇ ನೋಡಿಕೊಂಡಳು. ಮುಂದೆ ಬಿಟ್ಟೂ ಕಳಿಸಿದಳು.

ಇಷ್ಟು ನಮ್ಮ ನಾಟಕದಲ್ಲೂ ಇತ್ತು, 1961ರಲ್ಲಿ ಬಿ.ಸರೋಜಾದೇವಿ ರಾಣಿಯಾಗಿ ನಟಿಸಿದ ಸಿನಿಮಾ ನೋಡಿದವರಿಗೂ ಗೊತ್ತಿರುತ್ತದೆ. ನನ್ನನ್ನು ಕಾಡುತ್ತಿದ್ದದ್ದು ಮುಂದಿನ ಮಾತು.

ಕೋಟೆಯೊಳಗೆ ಅರಮನೆಯ ಮೊಂಡು ಗೋಡೆಗಳನ್ನು ನೋಡುತ್ತಾ ನಿಂತಿದ್ದೆ. ಇಳಕಲ್ ಸೀರೆಯ ಅಜ್ಜಿಯೊಬ್ಬರು ನನ್ನ ಮಾತಿನ ಧಾಟಿ ಕೇಳಿ, 'ಮೈಸೂರ ಕಡೆಯಾಕಿ ಏನವ್ವಾ?' ಎಂದರು. ಹೌದೆಂದೆ. 'ಇಲ್ಲಿ ಬರೇ ಜಾತ್ರಿ ನೋಡಿ ಹೋಗಬ್ಯಾಡ. ಬೈಲಹೊಂಗಲಕ್ಕ ಹೋಗು. ನಮ್ಮವ್ವ ಅಲ್ಲಿ ಮಲಗ್ಯಾಳ' ಎಂದರು. ಮೈ ಜುಮ್ಮೆಂದಿತು. ದೊಡ್ಡಮ್ಮನ ಪ್ರಶ್ನೆಗೆ ಉತ್ತರದ ಊರು ಸಿಕ್ಕಿತ್ತು.

ಉತ್ಸವದ ಗೆಲುವು ಆರು ವಾರವಷ್ಟೇ ಬಾಳಿದ್ದು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯದೊಂದಿಗೆ ತಿರುಗಿ ಬಂತು. ಆ ತಿಂಗಳ ಮೊದಲ ವಾರದಲ್ಲೇ ಕೋಟೆ ಬಿತ್ತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಸೆರೆಯಲ್ಲಿದ್ದದ್ದು ನಾಲ್ಕು ವರ್ಷದ ಮೇಲೆ. ಅವಳು ಹೋದ ಮೇಲೂ ಸಂಗೊಳ್ಳಿ ರಾಯಣ್ಣ ಅದೇ ದತ್ತು ಮಗನ ಹೆಸರಿನಲ್ಲಿ ಹೋರಾಡಿ, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಅದನ್ನು ನೋಡಲು ಅವಳಿರಲಿಲ್ಲ.

ಮಾರನೆಯ ವಾರ ಬೈಲಹೊಂಗಲಕ್ಕೆ ಒಬ್ಬಳೇ ಹೋದೆ. ಸಮಾಧಿಯ ಬಳಿ ಆಗ ಗದ್ದಲವಿರಲಿಲ್ಲ. ಒಂದು ದಿನದ ಕಾಳಗಕ್ಕೆ ಬೇಕಾದ ಧೈರ್ಯ ನಮಗೆ ಕಣ್ಣಿಗೆ ಕಾಣುತ್ತದೆ, ಅದಕ್ಕೆ ಡೊಳ್ಳು ಬಾರಿಸುತ್ತೇವೆ. ನಾಲ್ಕು ವರ್ಷ ದಿನವೂ ಬೆಳಗಾಗುವುದನ್ನು ಸೆರೆಯಲ್ಲಿ ಕಾಣುವುದಕ್ಕೆ ಬೇಕಾದ ಧೈರ್ಯಕ್ಕೆ ಯಾವ ವಾದ್ಯ ಹೊಂದೀತು? ಕತ್ತಿ ಹಿಡಿಯುವ ಪ್ರಸಂಗ ನಮ್ಮಲ್ಲಿ ಯಾರಿಗೂ ಬರಲಾರದು. ಸೋತ ಮೇಲೂ ಬದುಕಬೇಕಾದ ದಿನಗಳು ಮಾತ್ರ ಯಾವ ಮನೆಗೂ ಬಂದಾವು. ಅಂಥ ಹೊತ್ತಿಗೆ ಒದಗುವವಳು ಅಕ್ಟೋಬರಿನ ರಾಣಿಯಲ್ಲ, ಬೈಲಹೊಂಗಲದ ಹೆಂಗಸು.

ಉತ್ಸವ ಬೇಡವೆಂದು ನಾನು ಹೇಳುವುದಿಲ್ಲ. ಹೆಗಲ ಮೇಲಿನ ಆ ಪುಟ್ಟಿಯರಿಗೆ ಕತ್ತಿ ಬೇಕು. ಆದರೆ ಪರದೆ ಇಳಿದ ಮೇಲೆ ಮನೆಯಲ್ಲಿ ಯಾರಾದರೂ 'ಗೆದ್ದ ಮೇಲೆ?' ಎಂದು ಕೇಳುವವರಿರಲಿ. ಬದನವಾಳಿನ ದೊಡ್ಡಮ್ಮ ಈಗಿಲ್ಲ. ಇದ್ದಿದ್ದರೆ, ನೂಲುತ್ತಾ ಕುಳಿತ ಅವರ ಪಕ್ಕದಲ್ಲಿ ಕೂತು, ಉಳಿದ ಕಥೆಯನ್ನೂ ಹೇಳುತ್ತಿದ್ದೆ.