ನಜರ್‌ಬಾದಿನ ಕಲ್ಲು, ಲೇತಿನ ಕಬ್ಬಿಣ

ನಾನು ಬಾಡಿಗೆಗಿರುವ ನಜರ್‌ಬಾದಿಗೆ ಒಂದು ಕಥೆಯಿದೆ. ಟಿಪ್ಪು ಮೈಸೂರಿನ ಹಳೆಯ ಕೋಟೆ ಕೆಡವಿಸಿ, ಅದರ ಕಲ್ಲುಗಳಿಂದ ಇಲ್ಲಿ ಹೊಸ ಕೋಟೆ ಕಟ್ಟಿಸಲು ಹೊರಟ. 1799ರಲ್ಲಿ ಅವನು ಮಡಿದ ಮೇಲೆ ಅದೇ ಕಲ್ಲುಗಳು ಮೈಸೂರಿಗೆ ಮರಳಿ ಮತ್ತೆ ಕೋಟೆಯಾದವು. ಆಳುವವರು ಬದಲಾದರೂ ಕಲ್ಲು ಬಳಕೆಗೆ ಬಂತು.

ಯಂತ್ರೋಪಕರಣಗಳ ಚರಿತ್ರೆ ಓದುವ ನನಗೆ ಇದು ನೆನಪಾದದ್ದು ಒಂದು ವರ್ಕ್‌ಶಾಪಿನಲ್ಲಿ. ಅಲ್ಲಿನ ಸಿಎನ್‌ಸಿ ಲೇತಿನ ಕಂಟ್ರೋಲರ್ ಬ್ಯಾಟರಿ ಸತ್ತು, ಪ್ಯಾರಾಮೀಟರ್‌ಗಳೆಲ್ಲ ಅಳಿಸಿಹೋಗಿದ್ದವು. ಆ ಮಾಡೆಲ್ ನಿಂತಿದೆ, ಹೊಸದು ತಗೊಳ್ಳಿ ಎಂದಿತಂತೆ ಕಂಪನಿ. “ಕಬ್ಬಿಣ ಇನ್ನೂ ಗಟ್ಟಿಯಾಗಿದೆ ಕಣಮ್ಮ, ತಲೆ ಮಾತ್ರ ಹೋಗಿದೆ” ಎಂದರು ಮಾಲೀಕರು.

1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಬೆಂಗಳೂರಿನ ಎಚ್‌ಎಂಟಿ ಶುರುವಾದಾಗಲೂ ತಂತ್ರಜ್ಞಾನ ಹೊರಗಿನದೇ. ಆದರೆ ಆ ಕಾಲದ ಲೇತಿನ ಗೇರನ್ನು ಬಿಚ್ಚಿ, ಅಳೆದು, ಇನ್ನೊಂದನ್ನು ಮಾಡಿಕೊಳ್ಳಬಹುದಿತ್ತು. ಮುಚ್ಚಿದ ತಂತ್ರಾಂಶವನ್ನು ಹಾಗೆ ಬಿಚ್ಚಲಾಗದು.

ಇನ್ನೊಂದು ದಾರಿಯೂ ಇದೆ. ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 1990ರ ದಶಕದಲ್ಲಿ ರೂಪಿಸಿದ ಇಎಂಸಿ ಎಂಬ ನಿಯಂತ್ರಣ ತಂತ್ರಾಂಶ, ಸರ್ಕಾರದ ಕೆಲಸವಾದ್ದರಿಂದ, ಎಲ್ಲರ ಸೊತ್ತಾಯಿತು. ಉತ್ಸಾಹಿಗಳು ಅದನ್ನು ಬೆಳೆಸಿದರು. ಅದೇ ಇಂದಿನ ಲಿನಕ್ಸ್‌ಸಿಎನ್‌ಸಿ. ಅದೂ ಸಲೀಸಲ್ಲ. ಮೋಟಾರು, ಡ್ರೈವ್‌ಗಳನ್ನು ನಾವೇ ಹೊಂದಿಸಬೇಕು. ಕೆಟ್ಟರೆ ಫೋನಿಗೆ ಓಡಿಬರುವ ಸರ್ವೀಸಿನವರಿಲ್ಲ. ಆದರೆ ಕಲಿತವನಿಗೆ ಬಾಗಿಲು ತೆರೆದಿರುತ್ತದೆ.

ಮಾಲೀಕರು ಇನ್ನೂ ಲೆಕ್ಕ ಹಾಕುತ್ತಿದ್ದಾರೆ. ಯಾವುದನ್ನೇ ಹಾಕಿಸಿ, ಪ್ಯಾರಾಮೀಟರ್‌ಗಳ ನಕಲು ಮೊದಲು ತೆಗೆದಿಡಿ ಎಂದಷ್ಟೇ ಹೇಳಿ ಬಂದೆ. ಲೇತ್ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿದೆ.