ಫಜಿ ತರ್ಕದ ವಿಶೇಷ ಚಿಪ್ ವಿನ್ಯಾಸ ಮತ್ತು ನೋಂದಣಿ: ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಫಜಿ ತರ್ಕವನ್ನು ಶೀಘ್ರವಾಗಿ ನಿರ್ವಹಿಸುವ ಚಿಪ್‌ಗಳನ್ನು ರೂಪಿಸಲಿಚ್ಛಿಸುವ ವಿದ್ಯಾರ್ಥಿಗಳು ಹಾಗೂ ಕಿರು ಉದ್ದಿಮೆದಾರರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

"ಗದ್ದೆಯ ಮಣ್ಣು ಸ್ವಲ್ಪ ಒಣಗಿದೆ" ಎಂಬ ಮಾತನ್ನು ಹೌದು, ಇಲ್ಲ ಎಂದು ಎರಡಾಗಿ ಸೀಳದೆ, 0 ಯಿಂದ 1 ರವರೆಗಿನ ಪ್ರಮಾಣದಲ್ಲಿ ಅಳೆಯುವುದೇ ಫಜಿ ತರ್ಕ. ಇದರ ಗಣಿತವನ್ನು ಲಾಟ್ಫಿ ಝಾದೆಯವರು 1965ರಲ್ಲಿ ಮಂಡಿಸಿದರು. ಪ್ರತಿಯೊಂದು ನಿಯಮದ ಷರತ್ತುಗಳು ಎಷ್ಟರಮಟ್ಟಿಗೆ ಸತ್ಯವೆಂದು ಅಳೆದು, ಅವುಗಳಲ್ಲಿ ಕನಿಷ್ಠವಾದುದನ್ನು ಆ ನಿಯಮದ ಬಲವೆಂದು ಪರಿಗಣಿಸಲಾಗುತ್ತದೆ. ಅನಂತರ ಎಲ್ಲ ನಿಯಮಗಳ ಫಲಿತಾಂಶಗಳನ್ನು ಗರಿಷ್ಠ ಬೆಲೆಯಂತೆ ಕೂಡಿಸಿ, ಅದರ ಗುರುತ್ವ ಕೇಂದ್ರದಿಂದ ಒಂದೇ ಸಂಖ್ಯೆಯನ್ನು ಪಡೆಯಲಾಗುತ್ತದೆ. ಸಾಮಾನ್ಯ ಪ್ರೊಸೆಸರ್ ನಿಯಮಗಳನ್ನು ಒಂದಾದ ಮೇಲೊಂದರಂತೆ ನೋಡಿದರೆ, ವಿಶೇಷ ಚಿಪ್‌ನಲ್ಲಿ ಪ್ರತಿ ನಿಯಮಕ್ಕೂ ಪ್ರತ್ಯೇಕ ಸರ್ಕ್ಯೂಟ್ ಇದ್ದು ಎಲ್ಲವೂ ಏಕಕಾಲಕ್ಕೆ ನಡೆಯುತ್ತವೆ. ಕನಿಷ್ಠ-ಗರಿಷ್ಠ ಹೋಲಿಕೆಗೆ ಸಣ್ಣ ಸರ್ಕ್ಯೂಟ್ ಸಾಕು. ಕೊನೆಯ ಹಂತದ ಭಾಗಾಕಾರವೇ ವೇಗಕ್ಕೆ ತೊಡಕು. 1980ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟೊಗಾಯ್ ಮತ್ತು ವಟನಾಬೆಯವರು ರೂಪಿಸಿದ 16 ನಿಯಮಗಳ ಚಿಪ್ ಸೆಕೆಂಡಿಗೆ ಸುಮಾರು 80,000 ನಿರ್ಣಯಗಳನ್ನು ನೀಡುತ್ತಿತ್ತು.

ಇಷ್ಟು ವೇಗ ಎಲ್ಲರಿಗೂ ಬೇಕಿಲ್ಲವೆಂಬುದನ್ನು ಅರ್ಜಿದಾರರು ಮೊದಲು ಗಮನಿಸತಕ್ಕದ್ದು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆಯಲ್ಲಿ ಮಣ್ಣಿನ ತೇವ ಬದಲಾಗಲು ಗಂಟೆಗಳೇ ಹಿಡಿಯುತ್ತವೆ. ಅಲ್ಲಿನ ಪಂಪ್‌ಸೆಟ್‌ಗೆ ಅಗ್ಗದ ಮೈಕ್ರೋಕಂಟ್ರೋಲರ್ ಧಾರಾಳವಾಗಿ ಸಾಕು. ಅದಕ್ಕಾಗಿ ಚಿಪ್ ಮಾಡಿಸುವುದು ಹಣದ ಅಪವ್ಯಯವೇ ಸರಿ. ಮೋಟಾರಿನ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ತಿದ್ದಬೇಕಾದ ಕಡೆ ವಿಶೇಷ ಚಿಪ್ ಪರಿಗಣನಾರ್ಹ. ಅಲ್ಲಿಯೂ ಮೊದಲು ಎಫ್‌ಪಿಜಿಎ ಮೇಲೆ ಪರೀಕ್ಷಿಸುವುದು ಉಚಿತ. ಕೇಂದ್ರದ ಚಿಪ್ಸ್ ಟು ಸ್ಟಾರ್ಟ್‌ಅಪ್ ಕಾರ್ಯಕ್ರಮದಲ್ಲಿ ಭಾಗಿಯಾದ ಸಂಸ್ಥೆಗಳಿಗೆ ಬೆಂಗಳೂರಿನ ಸಿ-ಡ್ಯಾಕ್‌ನ ಚಿಪ್‌ಇನ್ ಕೇಂದ್ರವು ವಿನ್ಯಾಸ ತಂತ್ರಾಂಶಗಳನ್ನು ಒದಗಿಸುತ್ತದೆ. ತಮ್ಮ ಕಾಲೇಜು ಅದರಲ್ಲಿದೆಯೇ ಎಂದು ವಿದ್ಯಾರ್ಥಿಗಳು ವಿಚಾರಿಸಿಕೊಳ್ಳುವುದು.

ಚಿಪ್‌ನ ಲೇಔಟ್‌ಗೆ ಪೇಟೆಂಟ್ ದೊರೆಯುವುದಿಲ್ಲ. ಪೇಟೆಂಟ್ ಅಧಿನಿಯಮ, 1970ರ 3ನೇ ಪ್ರಕರಣವು ಅದನ್ನು ಹೊರಗಿಟ್ಟಿದೆ. ಅದಕ್ಕೆ ರಕ್ಷಣೆಯಿರುವುದು ಸೆಮಿಕಂಡಕ್ಟರ್ ಇಂಟಿಗ್ರೇಟೆಡ್ ಸರ್ಕ್ಯೂಟ್ಸ್ ಲೇಔಟ್-ಡಿಸೈನ್ ಅಧಿನಿಯಮ, 2000ರಲ್ಲಿ, ಅವಧಿ 10 ವರ್ಷ. ರಕ್ಷಣೆ ಲೇಔಟ್‌ಗೆ ಮಾತ್ರ, ಫಜಿ ನಿಯಮಗಳ ಕಲ್ಪನೆಗೆ ಅಲ್ಲ. ಲೇಔಟ್ ಸ್ವಂತದ್ದಾಗಿರತಕ್ಕದ್ದು.

ಹಲವರು ಎಡವಬಹುದಾದ ಅಂಶ ಇನ್ನೊಂದಿದೆ. ವಾಣಿಜ್ಯ ಬಳಕೆ ಆರಂಭವಾಗಿ 2 ವರ್ಷ ಮೀರಿದ ಲೇಔಟ್ ನೋಂದಣಿಗೆ ಅರ್ಹವಲ್ಲ. ಮಾರಾಟವಷ್ಟೇ ಅಲ್ಲ, ಮೇಳದ ಮಳಿಗೆಯಲ್ಲಿ ಮಾರಾಟಕ್ಕೆಂದು ಚಿಪ್ ಪ್ರದರ್ಶಿಸುವುದೂ ವಾಣಿಜ್ಯ ಬಳಕೆಯೇ. ಆದುದರಿಂದ ಪ್ರದರ್ಶನದ ದಿನಾಂಕವನ್ನು ಬರೆದಿಟ್ಟುಕೊಳ್ಳುವುದು.

ಈ ಅರ್ಜಿಯನ್ನು ತಾಲ್ಲೂಕು ಕಚೇರಿಯಲ್ಲಾಗಲಿ ನಾಡಕಚೇರಿಯಲ್ಲಾಗಲಿ ಸ್ವೀಕರಿಸಲಾಗುವುದಿಲ್ಲ. ಕೇಂದ್ರ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯದ ಅಧೀನದ, ನವದೆಹಲಿಯಲ್ಲಿರುವ ಲೇಔಟ್-ಡಿಸೈನ್ ರಿಜಿಸ್ಟ್ರಿಗೆ ಸಲ್ಲಿಸತಕ್ಕದ್ದು. ಅರ್ಜಿ ಅಂಗೀಕಾರವಾದ ಮೇಲೆ ಪ್ರಕಟಣೆ ಹೊರಡಿಸಲಾಗುತ್ತದೆ. ಆ ದಿನದಿಂದ 3 ತಿಂಗಳೊಳಗೆ ಯಾರಾದರೂ ಆಕ್ಷೇಪಣೆ ಸಲ್ಲಿಸಬಹುದಾಗಿರುತ್ತದೆ.