ಡಂಗುರದಿಂದ ಕ್ಲಿಕ್ಕಿನವರೆಗೆ

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯ ಕದಂಬೇಶ್ವರ ದೇಗುಲದಲ್ಲಿ ಶಿಲಾಶಾಸನಗಳಿವೆ. ದತ್ತಿ ಕೊಟ್ಟದ್ದು ನಾಲ್ಕು ಜನಕ್ಕೆ ತಿಳಿಯಲೆಂದು ಕಲ್ಲಿನಲ್ಲಿ ಕೆತ್ತಿಸುವುದು ಆ ಕಾಲದ ವಾಡಿಕೆ. ಮುಂದೆಯೂ ಹಳ್ಳಿಗಳಲ್ಲಿ ಸುದ್ದಿಯನ್ನು ಡಂಗುರ ಹೊಡೆದು ಸಾರುತ್ತಿದ್ದರು. ಆದರೆ ಕೇಳಿದವರೆಷ್ಟು, ಕೇಳಿ ಎದ್ದು ಬಂದವರೆಷ್ಟು ಎಂಬ ಲೆಕ್ಕ ಮಾತ್ರ ಸಾರುವವನಿಗೆ ಸಿಗುತ್ತಿರಲಿಲ್ಲ.

ಅಚ್ಚಿನ ಜಾಹೀರಾತಿಗೂ ಇದೇ ತೊಡಕು. ಅಮೆರಿಕದ ವ್ಯಾಪಾರಿಗಳು ಅದಕ್ಕೊಂದು ಉಪಾಯ ಹೂಡಿದರು. ಒಂದೊಂದು ಪತ್ರಿಕೆಯ ಕೂಪನ್ನಿಗೆ ಒಂದೊಂದು ಗುರುತು ಹಾಕಿ, ಅಂಚೆಯಲ್ಲಿ ಮರಳಿ ಬಂದವನ್ನು ಎಣಿಸಿದರು. ಕ್ಲಾಡ್ ಹಾಪ್‌ಕಿನ್ಸ್ 1923ರಲ್ಲಿ ಪ್ರಕಟಿಸಿದ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಪುಸ್ತಕ ಈ ಎಣಿಕೆಯ ಮೇಲೆಯೇ ನಿಂತಿದೆ.

1994ರ ಅಕ್ಟೋಬರ್ 27ರಂದು ‘ಹಾಟ್‌ವೈರ್ಡ್’ ಜಾಲತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಪಟ್ಟಿ ಜಾಹೀರಾತು ಕಾಣಿಸಿಕೊಂಡಿತು. ನೋಡಿದವರಲ್ಲಿ ಶೇ 44ರಷ್ಟು ಮಂದಿ ಅದನ್ನು ಒತ್ತಿದರೆಂದು ಹೇಳುತ್ತಾರೆ. ಈ ಪ್ರಮಾಣಕ್ಕೇ ‘ಕ್ಲಿಕ್-ಥ್ರೂ ರೇಟ್’ ಎಂದು ಹೆಸರು. ಲೆಕ್ಕ ಸುಲಭ. ರಟ್ಟೀಹಳ್ಳಿಯ ಬೀಜದ ಅಂಗಡಿಯೊಂದರ ಜಾಹೀರಾತು ಮೊಬೈಲ್ ಪರದೆಗಳಲ್ಲಿ 1000 ಸಲ ಮೂಡಿತೆನ್ನಿ. ಅದನ್ನು 20 ಸಲ ಒತ್ತಿದ್ದರೆ ಪ್ರಮಾಣ ಶೇ 2.

ಹೊಸತನ ಬೇಗ ಹಳಸಿತು. ಓದುಗರ ಕಣ್ಣು ಇಂಥ ಪಟ್ಟಿಗಳನ್ನು ದಾಟಿ ಹೋಗಲು ಕಲಿಯಿತು. 1998ರಲ್ಲಿ ‘ಗೋಟೂ’ ಎಂಬ ಹುಡುಕುತಾಣ ಹರಾಜಿನಲ್ಲಿ ಹೆಚ್ಚು ಹಣ ಕೂಗಿದವರಿಗೆ ಮೇಲಿನ ಜಾಗ ಕೊಡತೊಡಗಿತು. 2002ರಲ್ಲಿ ಗೂಗಲ್ ಕೂಗಿದ ಹಣದ ಜೊತೆಗೆ ಕ್ಲಿಕ್ ಪ್ರಮಾಣವನ್ನೂ ಸೇರಿಸಿ ಜಾಗ ಹಂಚಿತು. ಇದರಿಂದ ಜನ ಹೆಚ್ಚಾಗಿ ಒತ್ತುವ ಜಾಹೀರಾತಿನ ಸಣ್ಣ ವ್ಯಾಪಾರಿಗೂ ದೊಡ್ಡವರಿಗಿಂತ ಮೇಲೆ ಕೂರುವ ಅವಕಾಶ ಬಂತು. ಎಣಿಕೆ ಬರಿಯ ಅಳತೆಯಾಗಿ ಉಳಿಯದೆ, ಯಾರು ಕಾಣಬೇಕೆಂಬುದನ್ನೂ ನಿರ್ಧರಿಸತೊಡಗಿತು.

ಅಪಾಯವಿರುವುದೂ ಇಲ್ಲಿಯೇ. ಸಂತೆಯಲ್ಲಿ ದರ ಕೇಳುವವರು ಹಲವರು, ಕೊಳ್ಳುವವರು ಕೆಲವರು. ‘ಅರ್ಧ ಬೆಲೆಗೆ ಬೀಜ’ ಎಂಬ ಸುಳ್ಳು ತಲೆಬರಹಕ್ಕೆ 100 ಜನ ಒತ್ತಿ, ಒಬ್ಬನೇ ಕೊಂಡಿರಬಹುದು. ನೇರ ಮಾತಿಗೆ 20 ಜನ ಒತ್ತಿ, ಐವರು ಕೊಂಡಿರಬಹುದು. ಪ್ರಮಾಣದ ಕಣ್ಣಿಗೆ ಗೆದ್ದದ್ದು ಸುಳ್ಳೇ. ಯಂತ್ರಗಳಿಂದ ಒತ್ತಿಸಿ ಲೆಕ್ಕ ಹೆಚ್ಚಿಸುವ ಮೋಸವೂ ಉಂಟು. ಸುದ್ದಿಯ ತಲೆಬರಹಗಳಿಗೂ ಈ ಚಾಳಿ ಅಂಟಿದೆ.

ಡಂಗುರದವನಿಗೆ ಲೆಕ್ಕ ಗೊತ್ತಿರಲಿಲ್ಲ, ನಿಜ. ಆದರೆ ಅವನು ಊರಿನವನೇ. ಸುಳ್ಳು ಸಾರಿದರೆ ಮರುದಿನ ಅದೇ ಓಣಿಯಲ್ಲಿ ಮುಖ ತೋರಿಸಬೇಕಿತ್ತು. ಕ್ಲಿಕ್ಕಿನ ಪ್ರಮಾಣ ಕುತೂಹಲವನ್ನು ಅಳೆಯುತ್ತದೆ. ಬಂದವನು ಮತ್ತೆ ಬಂದನೇ ಎಂಬುದನ್ನು ಬೇರೆಯಾಗಿಯೇ ಎಣಿಸಬೇಕು.